ರೊಟ್ಟಿಯ ಲೆಕ್ಕ ಯಾರ ಕೈಯಲ್ಲಿ?



ಈ ಪುಟದಲ್ಲಿ ಬೀಜೋಪಚಾರ, ಗೊಬ್ಬರ, ಕೀಟಬಾಧೆ ಮುಂತಾದ ವಿಷಯಗಳನ್ನು ಕುರಿತು ಬರೆಯುವುದು ವಾಡಿಕೆ. ಈ ವಾರ ಅವನ್ನೆಲ್ಲ ಬದಿಗಿಟ್ಟು, ನಿಮ್ಮ ಮನೆಯ ಒಲೆಯ ಮುಂದೆ ನಡೆಯುವ ಒಂದು ಕಸುಬಿನ ವಿಚಾರವನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಹಳ್ಳಿಯ ವಾಚನಾಲಯದಲ್ಲಿ ಕುಳಿತು ಈ ಪುಟವನ್ನು ಓದುವವರಲ್ಲಿ ಗಂಡಸರೇ ಹೆಚ್ಚು ಎಂಬುದನ್ನು ನಾನು ಬಲ್ಲೆ. ಆದ್ದರಿಂದಲೇ ಈ ಮಾತನ್ನು ಮೊದಲು ನಿಮಗೆ ಹೇಳುತ್ತಿದ್ದೇನೆ. ಓದಿದ ಮೇಲೆ ಮನೆಗೆ ಹೋಗಿ ಮನೆಯಾಕೆಗೂ ಓದಿ ಹೇಳಬೇಕೆಂದು ನನ್ನ ಅರಿಕೆ.

ವಿಜಯಪುರ, ಬಾಗಲಕೋಟೆ, ಕಲಬುರಗಿ ಜಿಲ್ಲೆಗಳ ಬಿಳಿಜೋಳದ ಸೀಮೆಯಲ್ಲಿ ರೊಟ್ಟಿ ಬಡಿದು ಮಾರುವ ಕಸುಬು ಈಗ ಊರೂರಿಗೂ ಹಬ್ಬಿದೆ. ಖಾನಾವಳಿಗೆ, ಮದುವೆಗೆ, ಜಾತ್ರೆಗೆ, ದೂರದ ಪಟ್ಟಣದ ಅಂಗಡಿಗಳಿಗೆ ಖಡಕ್ ರೊಟ್ಟಿಯ ಕಟ್ಟುಗಳು ಹೋಗುತ್ತವೆ. ಜೊತೆಗೆ ಶೇಂಗಾ ಚಟ್ನಿ, ಹಪ್ಪಳ, ಶಾವಿಗೆ ಹೋಗುತ್ತವೆ. ಇದನ್ನೆಲ್ಲ ಮಾಡುವವರು ಹೆಣ್ಣುಮಕ್ಕಳು. ಬೇರೆ ಸೀಮೆಗಳಲ್ಲಿ ರೊಟ್ಟಿಯ ಬದಲು ಹೈನುಗಾರಿಕೆ, ಹೊಲಿಗೆ, ಕೋಳಿ ಸಾಕಣೆ, ಹೂ ಕಟ್ಟುವುದು ಇರಬಹುದು. ಹೆಸರು ಯಾವುದಾದರೂ ಇರಲಿ, ನಾನು ಹೇಳುವ ಮಾತು ಎಲ್ಲಕ್ಕೂ ಸಲ್ಲುತ್ತದೆ.

ಇಂಥ ಕಸುಬುಗಳಲ್ಲಿ ಹಲವು ಒಂದೆರಡು ವರ್ಷಗಳಲ್ಲಿ ನಿಂತುಹೋಗುವುದನ್ನು ನಾನು ಕಂಡಿದ್ದೇನೆ. ರೊಟ್ಟಿ ಚೆನ್ನಾಗಿಲ್ಲವೆಂದು ನಿಂತದ್ದನ್ನು ಮಾತ್ರ ಒಂದು ಕಡೆಯೂ ಕಂಡಿಲ್ಲ. ನಿಂತದ್ದು ಲೆಕ್ಕವಿಲ್ಲದ್ದರಿಂದ. ಆ ಲೆಕ್ಕವನ್ನು ಅವರ ಕೈಗೆ ಕೊಡದವರು ನಾವು, ಮನೆಯ ಯಜಮಾನರು ಮತ್ತು ನನ್ನಂಥ ಅಧಿಕಾರಿಗಳು, ಎಂಬುದು ನನ್ನ ಅಭಿಪ್ರಾಯ.

ಒಂದು ದಿನದ ಲೆಕ್ಕ

ನಾನು ಕೆಲಸ ಮಾಡುವ ಹೋಬಳಿಯ ಒಂದು ಹಳ್ಳಿಯಲ್ಲಿ ಅತ್ತೆ-ಸೊಸೆ ಇಬ್ಬರು ಸೇರಿ ರೊಟ್ಟಿ ಮಾಡುತ್ತಾರೆ. ನಸುಕಿನ 4 ಗಂಟೆಗೆ ಎದ್ದು 9 ಗಂಟೆಯವರೆಗೆ ಬಡಿದು, ಬೇಯಿಸಿ, ಒಣಗಿಸಿ 100 ರೊಟ್ಟಿ ತೆಗೆಯುತ್ತಾರೆ. ಇದಕ್ಕೆ ಬೇಕಾಗುವುದು 5 ಕಿಲೋ ಹಿಟ್ಟು. ರೊಟ್ಟಿಗೆ 6 ರೂಪಾಯಿಯಂತೆ ಪೇಟೆಯ ಖಾನಾವಳಿಗೆ ಕೊಡುತ್ತಿದ್ದರು. 100ರಲ್ಲಿ 5 ಮುರಿದುಹೋಗುತ್ತವೆ, ಅವು ಮನೆಮಂದಿಯ ಹೊಟ್ಟೆಗೆ. ಉಳಿದ 95ಕ್ಕೆ 570 ರೂಪಾಯಿ ಬರುತ್ತಿತ್ತು.

"ಖರ್ಚು ಎಷ್ಟು ಬರ್ತದ ಅವ್ವಾ?" ಎಂದು ಅತ್ತೆಯನ್ನು ಕೇಳಿದೆ. ಬೀಸಿಸಲು 25, ಗ್ಯಾಸಿಗೆ 80, ಚೀಲ-ದಾರಕ್ಕೆ 20, ಟಂಟಂ ಬಾಡಿಗೆ 30, ಹೀಗೆ 155 ರೂಪಾಯಿ ಎಂದರು. ಕಳೆದರೆ 415 ಉಳಿಯಿತು. ದಿನಕ್ಕೆ 415 ರೂಪಾಯಿ ಲಾಭವೆಂದು ಅವರು ಎರಡು ವರ್ಷ ನಂಬಿದ್ದರು.

"ಜೋಳದ ರೊಕ್ಕ ಬರಕೊಂಡಿಲ್ಲಲ್ಲ?" ಎಂದೆ.

"ಜ್ವಾಳ ಮನೀದ ಅದಾವಲ್ರೀ ಸಾಹೇಬ್ರ, ಅದಕ್ಕೇನ್ ರೊಕ್ಕ ಹಿಡೀತೀರಿ?" ಎಂದು ನಕ್ಕರು.

ಬಾಂಧವರೇ, ನಮ್ಮೆಲ್ಲರ ತಪ್ಪು ಇರುವುದು ಈ ಮಾತಿನಲ್ಲೇ. ಜೋಳ ಮನೆಯದು, ಸರಿ. ಆದರೆ ಅದೇ 5 ಕಿಲೋ ಮಾಲದಂಡಿ ಜೋಳವನ್ನು ಕಿಲೋಗೆ 45ರಂತೆ ಮಾರಿದ್ದರೆ 225 ರೂಪಾಯಿ ಕೈಗೆ ಬರುತ್ತಿತ್ತು. ಅದನ್ನೂ ಸೇರಿಸಿದರೆ ಖರ್ಚು 380 ಆಯಿತು. ಉಳಿದದ್ದು 190. ಇಬ್ಬರು ಹೆಂಗಸರು ತಲಾ 5 ಗಂಟೆ ಒಲೆಯ ಮುಂದೆ ಬೆಂದದ್ದಕ್ಕೆ ಬಂದ ಪ್ರತಿಫಲ ಇಷ್ಟು, ಎಂದರೆ ಗಂಟೆಗೆ 19 ರೂಪಾಯಿ. ಕಳೆ ತೆಗೆಯಲು ಬಂದ ಹೆಣ್ಣಾಳಿಗೆ ಈ ಲೆಕ್ಕದಲ್ಲಿ ಕೂಲಿ ಕೊಟ್ಟು ನೋಡಿ, ಮರುದಿನ ನಿಮ್ಮ ಹೊಲದ ಬದುವನ್ನು ಆಕೆ ತುಳಿಯಲಾರಳು.

ಬೆಲೆಗಳು ಊರಿನಿಂದ ಊರಿಗೆ, ಸುಗ್ಗಿಯಿಂದ ಸುಗ್ಗಿಗೆ ಬೇರೆಯಾಗುತ್ತವೆ. ನಿಮ್ಮ ಊರಿನ ಬೆಲೆ ಹಾಕಿಕೊಂಡು ನೀವೇ ಲೆಕ್ಕ ಮಾಡಿ.

ಈ ಲೆಕ್ಕವನ್ನು ಸೊಸೆ ತನ್ನ ಮಗನ ಹಳೆಯ ನೋಟುಬುಕ್ಕಿನಲ್ಲಿ ಬರೆದುಕೊಂಡಳು. ಹದಿನೈದು ದಿನ ಬರೆದು, ಆ ಪುಸ್ತಕವನ್ನೇ ಹಿಡಿದು ಖಾನಾವಳಿಯವರ ಬಳಿಗೆ ಹೋಗಿ 8 ರೂಪಾಯಿ ಕೇಳಿದಳು. ಅವರು ಒಪ್ಪಲಿಲ್ಲ. ಕೊನೆಗೆ 7 ರೂಪಾಯಿಗೆ ತೀರ್ಮಾನವಾಯಿತು. ಈಗ 95 ರೊಟ್ಟಿಗೆ 665 ಬರುತ್ತದೆ. ಖರ್ಚು ಕಳೆದು 285 ಉಳಿಯುತ್ತದೆ. ಒಂದೇ ಒಂದು ರೂಪಾಯಿ ಬೆಲೆ ಏರಿದ್ದಕ್ಕೆ ಉಳಿಕೆ ಒಂದೂವರೆ ಪಟ್ಟಾಯಿತು. ಲೆಕ್ಕ ಬರೆಯದಿದ್ದರೆ ಆಕೆ ಬೆಲೆ ಕೇಳುತ್ತಲೇ ಇರಲಿಲ್ಲ, ಏಕೆಂದರೆ ಕೇಳಬೇಕೆಂಬುದೇ ಆಕೆಗೆ ಗೊತ್ತಿರಲಿಲ್ಲ.

ನನ್ನದೇ ಒಂದು ತಪ್ಪು

ಇತರರಿಗೆ ಬುದ್ಧಿ ಹೇಳುವ ಮೊದಲು ನನ್ನ ತಪ್ಪನ್ನು ಹೇಳಿಬಿಡುವುದು ಒಳ್ಳೆಯದು. ಸುಮಾರು 14 ವರ್ಷಗಳ ಹಿಂದಿನ ಮಾತು. ಒಂದು ಹಳ್ಳಿಯ 12 ಮಂದಿಯ ಸ್ತ್ರೀಶಕ್ತಿ ಗುಂಪಿಗೆ ಶಾವಿಗೆ ಯಂತ್ರ ಕೊಳ್ಳುವಂತೆ ನಾನೇ ಹುರಿದುಂಬಿಸಿದೆ. ಸಾಲದ ಅರ್ಜಿ ತುಂಬಿಸಿಕೊಟ್ಟೆ. ಯಂತ್ರ ಬಂದ ದಿನ ಕಾಯಿ ಒಡೆದು, ಎಲ್ಲರೂ ನಿಂತು ಪಟ ತೆಗೆಸಿಕೊಂಡೆವು. 24 ತಿಂಗಳ ಕಂತು, ತಿಂಗಳಿಗೆ 3,000 ರೂಪಾಯಿ.

ಬೇಸಿಗೆಯಲ್ಲಿ ಯಂತ್ರ ಹಗಲು ರಾತ್ರಿ ಓಡಿತು. ಮೃಗಶಿರಾ ಮಳೆ ಬಿದ್ದ ಮೇಲೆ ಒಬ್ಬರೂ ಶಾವಿಗೆ ಹಾಕಿಸಲು ಬರಲಿಲ್ಲ. ಶಾವಿಗೆ ಒಣಗಬೇಕಾದರೆ ಬಿಸಿಲು ಬೇಕು ಎಂಬುದು ಹಳ್ಳಿಯ ಚಿಕ್ಕ ಮಗುವಿಗೂ ಗೊತ್ತು. ಬಿ.ಎಸ್ಸಿ. ಓದಿದ ನನಗೆ ಅದು ಅರ್ಜಿ ತುಂಬುವಾಗ ನೆನಪಾಗಲಿಲ್ಲ. ಯಂತ್ರ ಓಡುವುದು ವರ್ಷದಲ್ಲಿ ಮೂರು ನಾಲ್ಕು ತಿಂಗಳು, ಕಂತು ಬರುವುದು ಹನ್ನೆರಡು ತಿಂಗಳೂ. ಆ 12 ಮಂದಿ ತಾಯಂದಿರು ತಿಂಗಳಿಗೆ ತಲಾ 250 ರೂಪಾಯಿಯನ್ನು ತಮ್ಮ ಕೂಲಿಯಿಂದ ತೆಗೆದು ಕಟ್ಟಿದರು. ಒಂದು ಕಂತನ್ನೂ ತಪ್ಪಿಸಲಿಲ್ಲ. ಒಬ್ಬಾಕೆ ಮೇಕೆ ಮಾರಿದಳೆಂದು ಆಮೇಲೆ ತಿಳಿಯಿತು. ಯಾರೂ ನನ್ನನ್ನು ಬಯ್ಯಲಿಲ್ಲ. ಬೈದಿದ್ದರೆ ಇಷ್ಟು ವರ್ಷ ಅದು ಮನಸ್ಸಿನಲ್ಲಿ ಉಳಿಯುತ್ತಿರಲಿಲ್ಲವೇನೋ.

ನಿಮ್ಮ ಬೆಳೆಸಾಲಕ್ಕೆ ಬ್ಯಾಂಕು ತಿಂಗಳ ಕಂತು ಕೇಳುವುದಿಲ್ಲ. ಸುಗ್ಗಿಯ ಕಾಲವನ್ನು ನೋಡಿ ಗಡುವು ಇಡುತ್ತದೆ. ಹೆಣ್ಣುಮಕ್ಕಳ ಕಸುಬಿಗೂ ಒಂದು ಸುಗ್ಗಿ ಉಂಟು. ಸಾಲ ಮಾಡುವ ಮೊದಲು ಹನ್ನೆರಡು ತಿಂಗಳ ಹೆಸರು ಬರೆದು, ಯಾವ ತಿಂಗಳು ಎಷ್ಟು ಬರುತ್ತದೆ, ಎಷ್ಟು ಹೋಗುತ್ತದೆ ಎಂದು ಎದುರೆದುರು ಬರೆಯಬೇಕು. ಖಾಲಿ ತಿಂಗಳುಗಳಲ್ಲಿ ಕಂತು ಎಲ್ಲಿಂದ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಸಾಲ ಬೇಡ. ಇಷ್ಟನ್ನು ನಾನು ಅಂದು ಮಾಡಿಸಿದ್ದರೆ ಒಂದು ಮೇಕೆ ಉಳಿಯುತ್ತಿತ್ತು.

ಬೀಜದ ಕಾಳು ತಿನ್ನಬಾರದು

ಮನೆಯ ಹಣವೆಲ್ಲ ಒಂದೇ, ರೊಟ್ಟಿಯ ಹಣಕ್ಕೆ ಬೇರೆ ಪುಸ್ತಕ ಏಕೆ ಎಂದು ಕೇಳುವವರುಂಟು. ಅವರಿಗೆ ಹೀಗೆ ಹೇಳುತ್ತೇನೆ. ಸುಗ್ಗಿಯಾದ ಮೇಲೆ ಮನೆಯ ಜೋಳವೆಲ್ಲ ಒಂದೇ ರಾಶಿಯದು. ಆದರೂ ಬೀಜದ ಕಾಳನ್ನು ಬೇರೆ ತೆಗೆದು, ಬೂದಿ ಬೆರೆಸಿ, ಬೇವಿನ ಎಲೆ ಹಾಕಿ, ಬೇರೆ ಗಡಿಗೆಯಲ್ಲಿ ಇಡುತ್ತಿದ್ದರು ನಮ್ಮ ಹಿರಿಯರು. ಎಂಥ ಬರ ಬಂದರೂ ಆ ಗಡಿಗೆಗೆ ಕೈ ಹಾಕುತ್ತಿರಲಿಲ್ಲ. ತಿಂದರೆ ಮುಂದಿನ ವರ್ಷ ಬಿತ್ತುವುದಕ್ಕಿಲ್ಲ.

ರೊಟ್ಟಿ ಮಾರಿ ಬಂದ 665 ರೂಪಾಯಿಯಲ್ಲಿ 380 ಬೀಜದ ಕಾಳು. ಅದು ನಾಳೆಯ ಜೋಳ, ನಾಳೆಯ ಗ್ಯಾಸು. ಉಳಿದ 285 ಮಾತ್ರ ಉಣ್ಣುವ ಕಾಳು. ಎರಡನ್ನೂ ಒಂದೇ ಡಬ್ಬಿಯಲ್ಲಿ ಹಾಕಿದರೆ, ಸಂಜೆ ನಿಮ್ಮ ಬೈಕಿನ ಪೆಟ್ರೋಲಿಗೋ, ಬೀಗರ ಮನೆಯ ಮುಯ್ಯಿಗೋ ಕೈ ಹೋದಾಗ ಯಾವುದು ಹೋಯಿತೆಂದು ಗೊತ್ತಾಗುವುದಿಲ್ಲ. ಹದಿನೈದು ದಿನ ಹೀಗಾದರೆ ಹಿಟ್ಟಿನ ಗಿರಣಿಯಲ್ಲಿ ಉದ್ರಿ, ತಿಂಗಳಾದರೆ ಬಡ್ಡಿಯ ಸಾಲ. ಆದ್ದರಿಂದ ಎರಡು ಡಬ್ಬಿ ಇರಲಿ. ಬೀಜದ ಡಬ್ಬಿಯ ಕೀಲಿ ರೊಟ್ಟಿ ಬಡಿಯುವವಳ ಸೆರಗಿನಲ್ಲೇ ಇರಲಿ.

ಬಡ್ಡಿಯ ಎರಡು ಬಗೆ

ಹೆಣ್ಣುಮಕ್ಕಳ ಉಳಿತಾಯ ಗುಂಪುಗಳಿಗೆ ನಮ್ಮ ರಾಜ್ಯದಲ್ಲಿ ಒಳ್ಳೆಯ ಇತಿಹಾಸವಿದೆ. 1980ರ ದಶಕದಲ್ಲಿ ಮೈರಾಡ ಸಂಸ್ಥೆ ಇಲ್ಲಿ ಸ್ವಸಹಾಯ ಗುಂಪುಗಳನ್ನು ಕಟ್ಟಿತು. 1992ರಲ್ಲಿ ನಬಾರ್ಡ್ ಇಂಥ ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಆರಂಭಿಸಿತು. 2000ದಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಿತು. ಗುಂಪಿನ ಉಳಿತಾಯದಿಂದ ಕೊಟ್ಟ ಸಾಲದ ಬಡ್ಡಿ ಗುಂಪಿನಲ್ಲೇ ಉಳಿದು ಸದಸ್ಯರಿಗೇ ಸೇರುತ್ತದೆ. ಹೊರಗಿನ ಸಾಲದ ಬಡ್ಡಿ ಊರು ಬಿಟ್ಟು ಹೋಗುತ್ತದೆ. ಈ ವ್ಯತ್ಯಾಸ ಮನೆಯ ಎಲ್ಲರಿಗೂ ತಿಳಿದಿರಬೇಕು.

"ನೂರಕ್ಕೆ ಎರಡು ರೂಪಾಯಿ ಬಡ್ಡಿ" ಎಂದರೆ ಕಿವಿಗೆ ಹಗುರ. ಅದು ವರ್ಷಕ್ಕೆ ನೂರಕ್ಕೆ 24 ಎಂಬುದನ್ನು ಮೊದಲು ನೆನಪಿಡಿ. ಅದರಲ್ಲೂ ಎರಡು ಬಗೆಯಿದೆ. 24,000 ರೂಪಾಯಿ ಸಾಲ, 12 ತಿಂಗಳ ಗಡುವು, ತಿಂಗಳಿಗೆ ಅಸಲು 2,000 ಎಂದು ಇಟ್ಟುಕೊಳ್ಳೋಣ.

ಮೊದಲನೆಯ ಬಗೆ: ಉಳಿದ ಬಾಕಿಯ ಮೇಲೆ ಮಾತ್ರ ಬಡ್ಡಿ. ಮೊದಲ ತಿಂಗಳು 480, ಎರಡನೆಯ ತಿಂಗಳು 440, ಹೀಗೆ ಇಳಿಯುತ್ತ ಕೊನೆಯ ತಿಂಗಳು 40. ಒಟ್ಟು ಬಡ್ಡಿ 3,120 ರೂಪಾಯಿ.

ಎರಡನೆಯ ಬಗೆ: ಅಸಲು ತೀರುತ್ತಿದ್ದರೂ ಬಡ್ಡಿ ಮಾತ್ರ ಮೊದಲಿನ 24,000ದ ಮೇಲೆಯೇ. ಪ್ರತಿ ತಿಂಗಳೂ 480, ಒಟ್ಟು 5,760 ರೂಪಾಯಿ. ಇದಕ್ಕೆ ಫ್ಲಾಟ್ ಬಡ್ಡಿ ಎನ್ನುತ್ತಾರೆ.

ಹೇಳುವ ದರ ಒಂದೇ, ಕಟ್ಟುವುದರಲ್ಲಿ 2,640 ರೂಪಾಯಿ ಅಂತರ. ಕೊನೆಯ ತಿಂಗಳು ಬಾಕಿ ಇರುವುದು 2,000, ಅದಕ್ಕೆ ಒಂದು ತಿಂಗಳ ಬಡ್ಡಿ 480! ದಿನಕ್ಕೆ 285 ಉಳಿಸುವ ಆ ಅತ್ತೆ-ಸೊಸೆಗೆ ಈ 2,640 ಎಂದರೆ ಒಂಬತ್ತು ದಿನಗಳ ದುಡಿಮೆ. ಸಾಲ ಕೊಡಲು ಬಂದವರನ್ನು "ಬಡ್ಡಿ ಎಷ್ಟು?" ಎಂದಷ್ಟೇ ಕೇಳಬೇಡಿ. "ಒಟ್ಟು ಎಷ್ಟು ಕಟ್ಟಬೇಕು? ಇಂದು ಕೈಗೆ ಎಷ್ಟು ಬರುತ್ತದೆ?" ಎಂದು ಕೇಳಿ. ಅರ್ಜಿ ಶುಲ್ಕ, ವಿಮೆ ಎಂದು ಮುರಿದುಕೊಳ್ಳುವುದೆಲ್ಲ ಈ ಎರಡನೆಯ ಪ್ರಶ್ನೆಯಿಂದ ಹೊರಬೀಳುತ್ತದೆ.

2022ರಲ್ಲಿ ರಿಸರ್ವ್ ಬ್ಯಾಂಕು ಕಿರುಸಾಲಗಳಿಗೆ ನಿರ್ದೇಶನ ಹೊರಡಿಸಿತು. ಅದರಂತೆ ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಒತ್ತೆಯಿಲ್ಲದೆ ಕೊಡುವ ಸಾಲ ಕಿರುಸಾಲ. ಮನೆಯ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಕೂಡದು. ಬಡ್ಡಿ ಮತ್ತು ಶುಲ್ಕದ ವಿವರವನ್ನು ಸಾಲಗಾರರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು. ಗಡುವಿಗೆ ಮೊದಲೇ ತೀರಿಸಿದರೆ ದಂಡ ಹಾಕುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗಾಗಿ ಕರೆ ಮಾಡಿ ಕಾಡುವಂತಿಲ್ಲ. ಬಲವಂತದ ವಸೂಲಿಯನ್ನು ತಡೆಯಲು 2025ರಲ್ಲಿ ನಮ್ಮ ರಾಜ್ಯ ಸರ್ಕಾರವೂ ಕಾನೂನು ತಂದಿತು. ಇವು ಒಳ್ಳೆಯವೇ. ಆದರೆ ಕಾನೂನು ನೆರವಿಗೆ ಬರುವುದು ಬಾಗಿಲ ಮುಂದೆ ಜನ ಬಂದು ನಿಂತ ಮೇಲೆ. ಸಾಲ ಬೇಕೋ ಬೇಡವೋ ಎಂಬ ಲೆಕ್ಕವನ್ನು ಅದಕ್ಕೂ ಮೊದಲು ಮನೆಯೊಳಗೆ ನಾವೇ ಮಾಡಬೇಕು.

ಸಹಿ ಆಕೆಯದು, ಹಣ ಯಾರದು?

ಈಗ ಕಹಿಯಾದ ಒಂದು ಮಾತು. ಕೋಪ ಮಾಡಿಕೊಳ್ಳಬೇಡಿ. ಗುಂಪಿನ ಸಾಲ ಹೆಣ್ಣುಮಕ್ಕಳ ಹೆಸರಿಗೆ ಬೇಗ ಸಿಗುತ್ತದೆಂದು, ಬೋರಿನ ಮೋಟಾರಿಗೆ, ಹಳೆಯ ಕೈಸಾಲ ತೀರಿಸಲು, ಮದುವೆಗೆ, ಬೈಕಿಗೆ ಆಕೆಯ ಕೈಯಿಂದ ಸಹಿ ಹಾಕಿಸುವ ಮನೆಗಳು ಎಷ್ಟಿವೆ ಎಂಬುದನ್ನು ನಾನು ಬರೆಯಬೇಕಾದ್ದಿಲ್ಲ. ಅರ್ಜಿಯಲ್ಲಿ "ರೊಟ್ಟಿ ವ್ಯಾಪಾರ" ಎಂದಿರುತ್ತದೆ. ಹಣ ಹೋದದ್ದು ಬೇರೆ ಕಡೆಗೆ. ವಾರದ ಕಂತಿನ ದಿನ ಸಭೆಯಲ್ಲಿ ತಲೆ ತಗ್ಗಿಸಿ ಕೂರುವವಳು ಆಕೆ. ಆಕೆ ಕಟ್ಟದಿದ್ದರೆ ಉಳಿದವರು ಕೈಯಿಂದ ಹಾಕಬೇಕು. ಒಲೆಗೆ ಕೆಂಡ ಕೊಡುತ್ತಿದ್ದ ನೆರೆಮನೆಯವರೊಡನೆ ಮಾತು ಬಿಡುತ್ತದೆ. ಬಯ್ಗುಳ ನಿಮ್ಮ ಕಿವಿಗೆ ಬೀಳುವುದಿಲ್ಲ, ಏಕೆಂದರೆ ಆ ಹೊತ್ತಿಗೆ ನೀವು ಹೊಲದಲ್ಲಿರುತ್ತೀರಿ.

ಬೋರಿಗೆ ಸಾಲ ಬೇಡವೆಂದು ನಾನು ಹೇಳುವುದಿಲ್ಲ. ಬೋರಿನ ಸಾಲವನ್ನು ಬೋರಿನ ಹೆಸರಿನಲ್ಲಿ, ನಿಮ್ಮ ಸಹಿಯಲ್ಲಿ, ಸಹಕಾರ ಸಂಘದಿಂದಲೋ ಬ್ಯಾಂಕಿನಿಂದಲೋ ತೆಗೆಯಿರಿ. ಅನಿವಾರ್ಯವಾಗಿ ಆಕೆಯ ಹೆಸರಿನ ಸಾಲವನ್ನು ಬಳಸಿದರೆ, ಆಕೆಯ ಪುಸ್ತಕದಲ್ಲಿ ನಿಮ್ಮ ಹೆಸರಿನಲ್ಲಿ ಬಾಕಿ ಬರೆಸಿ, ಕಂತಿನ ಹಿಂದಿನ ದಿನ ಹಣ ತಂದು ಆಕೆಯ ಕೈಗೆ ಕೊಡಿ. ಹೆಂಡತಿಗೆ ಸಾಲಗಾರನಾಗುವುದರಲ್ಲಿ ಅವಮಾನವೇನೂ ಇಲ್ಲ.

ಇದೇ ಮಾತು ಹಾಲಿಗೂ ಸಲ್ಲುತ್ತದೆ. ಮೇವು ತರುವವಳು, ಹಿಂಡುವವಳು, ಡೇರಿಗೆ ಹಾಕುವವಳು ಮನೆಯಾಕೆ. ಸಂಘದ ಸದಸ್ಯತ್ವ ಮಾತ್ರ ನಿಮ್ಮ ಹೆಸರಿನಲ್ಲಿ. ಹಾಗಾಗಿ ಹಾಲಿನ ಬಟವಾಡೆಯೂ, ಸಂಘದ ಚುನಾವಣೆಯ ಮತವೂ ನಿಮ್ಮದೇ. ಹಾಲಿನಲ್ಲಿ ಜಿಡ್ಡು ಏಕೆ ಕಡಿಮೆ ಬಂತೆಂಬುದು ಆಕೆಗೆ ಗೊತ್ತು, ಕೇಳುವ ಹಕ್ಕು ಆಕೆಗಿಲ್ಲ. ಇದು ಯಾವ ನ್ಯಾಯ?

ನೀವು ಕೇಳಬಹುದಾದ ಪ್ರಶ್ನೆಗಳು

"ಆಕೆಗೆ ಓದು ಬಾರದು" ಎನ್ನಬಹುದು. ಅಕ್ಷರ ಬಾರದ ನಮ್ಮ ಅಜ್ಜಿಯರು ಗೋಡೆಯ ಮೇಲೆ ಸುಣ್ಣದ ಗೀಟು ಹಾಕಿ ತಿಂಗಳ ಹಾಲಿನ ಲೆಕ್ಕ ಇಟ್ಟಿದ್ದರು, ಒಂದು ಪಾವು ತಪ್ಪುತ್ತಿರಲಿಲ್ಲ. ಆಕೆ ಹೇಳಲಿ, ಶಾಲೆಗೆ ಹೋಗುವ ಮಗಳು ಬರೆಯಲಿ. ಆರು ತಿಂಗಳಲ್ಲಿ ತಾಯಿಗೂ ಅಂಕಿ ಬರುತ್ತದೆ, ಮಗಳಿಗೂ ಲೆಕ್ಕ ಬರುತ್ತದೆ.

"ಕೈಯಲ್ಲಿ ಕಾಸು ಬಂದರೆ ಹೆಣ್ಣುಮಕ್ಕಳು ಮಾತು ಕೇಳುವುದಿಲ್ಲ" ಎಂದು ಒಬ್ಬ ಹಿರಿಯರು ಸಭೆಯಲ್ಲೇ ಅಂದರು. ನಾನು ಅವರಿಗೆ ಹೇಳಿದ್ದಿಷ್ಟೆ: ಲೆಕ್ಕ ಬಲ್ಲವಳು ಯಜಮಾನನ ಮಾತನ್ನು ಕೇಳುತ್ತಾಳೆ, ಕೇಳಿದ ಮೇಲೆ ಒಂದು ಪ್ರಶ್ನೆಯನ್ನೂ ಕೇಳುತ್ತಾಳೆ. ಆ ಪ್ರಶ್ನೆಯಿಂದ ಎಷ್ಟೋ ಮನೆಗಳ ಹೊಲ ಉಳಿದಿದೆ. ನೀವು ಆಸ್ಪತ್ರೆಯಲ್ಲಿ ಮಲಗಿದ ದಿನ ಯಾವ ಬ್ಯಾಂಕಿನಲ್ಲಿ ಏನಿದೆ, ಯಾರಿಗೆ ಎಷ್ಟು ಕೊಡಬೇಕು ಎಂಬುದು ಆಕೆಗೆ ಗೊತ್ತಿರದಿದ್ದರೆ ಮಕ್ಕಳ ಗತಿಯೇನು?

"ಆಕೆಯ ಖಾತೆ ಇದೆಯಲ್ಲ" ಎನ್ನುವವರೂ ಉಂಟು. 2014ರಲ್ಲಿ ಆರಂಭವಾದ ಜನಧನ ಯೋಜನೆಯಿಂದ ಬಹುಪಾಲು ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಖಾತೆಯಾಗಿದೆ. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ಬಂದ ಮೇಲೆ ಮನೆಯ ಯಜಮಾನಿಯ ಹೆಸರಿಗೇ ಹಣ ಬರುವಂತಾಯಿತು. ಆದರೆ ಎ.ಟಿ.ಎಂ. ಕಾರ್ಡು ಯಾರ ಜೇಬಿನಲ್ಲಿದೆ? ರಹಸ್ಯ ಸಂಖ್ಯೆ ಯಾರಿಗೆ ಗೊತ್ತು? ಖಾತೆಗೆ ಆಕೆಯ ಹೆಸರಿದ್ದರೆ ಸಾಲದು, ಕೀಲಿಯೂ ಆಕೆಯ ಕೈಯಲ್ಲಿರಬೇಕು.

ಮಾಡಬೇಕಾದ್ದೇನು?

1. ಒಂದು ಇನ್ನೂರು ಪುಟದ ನೋಟುಬುಕ್ಕು ತನ್ನಿ. ತಾರೀಖು, ಬಂದದ್ದು, ಹೋದದ್ದು, ಮನೆಯಿಂದ ತೆಗೆದ ಸಾಮಾನಿನ ಬೆಲೆ, ಉಳಿದದ್ದು ಎಂದು ಐದು ಕಲಂ ಎಳೆಯಿರಿ. ದುಡಿದ ಗಂಟೆಗಳನ್ನೂ ಬದಿಯಲ್ಲಿ ಬರೆಯಿರಿ.

2. ಉದ್ರಿ ಕೊಟ್ಟವರ ಹೆಸರನ್ನು ಹಿಂದಿನ ಪುಟಗಳಲ್ಲಿ ಬೇರೆಯಾಗಿ ಬರೆಯಿರಿ. ಬಾಯಿಲೆಕ್ಕದ ಉದ್ರಿ ಮರಳಿ ಬರುವುದು ಕಷ್ಟ.

3. ಬಂಡವಾಳದ ಡಬ್ಬಿಯನ್ನು ಬೇರೆ ಇಡಿ. ತಿಂಗಳಿಗೊಮ್ಮೆ ಮಿಕ್ಕಿದ್ದನ್ನು ಆಕೆಯ ಖಾತೆಗೆ ಹಾಕಿಸಿ, ಪಾಸ್‌ಬುಕ್ಕಿನಲ್ಲಿ ನಮೂದು ಮಾಡಿಸಿ.

4. ಬ್ಯಾಂಕ್ ಮಿತ್ರರ ಬಳಿ ಹೆಬ್ಬೆಟ್ಟು ಒತ್ತಿ ಹಣ ತೆಗೆಯುವಾಗ ರಸೀದಿ ಕೇಳಿ ಪಡೆಯಿರಿ. ಫೋನಿನಲ್ಲಿ ಹಣ ಬರಲು ರಹಸ್ಯ ಸಂಖ್ಯೆ ಒತ್ತಬೇಕಾಗಿಲ್ಲ. ಒತ್ತಿ ಎಂದು ಹೇಳಿದವನು ಮೋಸಗಾರ.

5. ಗುಂಪಿನ ಸಭೆ, ಉಳಿತಾಯ, ಒಳಸಾಲ, ಮರುಪಾವತಿ, ಪುಸ್ತಕ ಬರವಣಿಗೆ ಎಂಬ ಪಂಚಸೂತ್ರಗಳಲ್ಲಿ ಕೊನೆಯದನ್ನು ಒಬ್ಬರ ಪಾಲಿಗೇ ಬಿಡದೆ, ಸರದಿಯ ಮೇಲೆ ಎಲ್ಲರೂ ಕಲಿಯುವಂತಾಗಲಿ.

ನಮ್ಮ ಇಲಾಖೆಗಳಿಗೂ ಒಂದು ಮಾತು ಹೇಳಲೇಬೇಕು. ತರಬೇತಿಯೆಂದರೆ ಹಪ್ಪಳ ಲಟ್ಟಿಸುವುದು, ಉಪ್ಪಿನಕಾಯಿ ಹಾಕುವುದು ಎಂದು ನಾವು ತಿಳಿದಿದ್ದೇವೆ. ನಮ್ಮ ತಾಯಂದಿರಿಗೆ ಅದನ್ನು ಕಲಿಸುವ ಯೋಗ್ಯತೆ ನಮಗೆಲ್ಲಿದೆ? ಮೂರು ದಿನದ ತರಬೇತಿಯಲ್ಲಿ ಎರಡು ದಿನ ಬೆಲೆ ಕಟ್ಟುವುದು, ಬಡ್ಡಿ ಎಣಿಸುವುದು, ಸಾಲದ ಕಾಗದ ಓದುವುದು ಇರಬೇಕು. ಇದನ್ನು ನಮ್ಮ ಮೇಲಿನವರಿಗೂ ನಾನು ಬರೆದಿದ್ದೇನೆ.

ಬರುವ ಅಮಾವಾಸ್ಯೆಗೆ ಹೇಗೂ ಎತ್ತಿಗೆ ನೊಗ ಹೂಡುವುದಿಲ್ಲ. ಅಂದು ಒಂದು ಗಂಟೆ ಮನೆಯಾಕೆಯ ಎದುರು ಕುಳಿತು ರೊಟ್ಟಿಯದೋ, ಹಾಲಿನದೋ, ಹೊಲಿಗೆಯದೋ ಒಂದು ದಿನದ ಲೆಕ್ಕ ಹಾಕಿ. ಆಕೆ ಹೇಳಲಿ, ನೀವು ಬರೆಯಿರಿ. ಗಂಟೆಗೆ ಎಷ್ಟು ಬಿತ್ತೆಂದು ನೋಡಿ. ಆ ಅಂಕಿಯನ್ನು ನೋಡಿದ ಮೇಲೆ ಪೆನ್ನನ್ನು ಆಕೆಯ ಕೈಗೆ ಕೊಟ್ಟುಬಿಡಿ. ಲೆಕ್ಕ ಎಲ್ಲಾದರೂ ತೊಡಕಾದರೆ ಪುಸ್ತಕ ಹಿಡಿದು ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಬನ್ನಿ. ಇಬ್ಬರೂ ಬನ್ನಿ.